ರಿಯಾಯಿತಿಯ ಅಂಕಗಳು

ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ನಾಟ್ಯವು ಐದನೆಯ ವೇದವಾಗಿ ಹುಟ್ಟಿದ ಕಥೆಯಿದೆ. ಉಳಿದ ನಾಲ್ಕು ವೇದಗಳು ಎಲ್ಲರ ಕಿವಿಗೂ ಬೀಳುವಂತಿಲ್ಲವಾದ್ದರಿಂದ, ಎಲ್ಲ ವರ್ಣದವರಿಗೂ ಸಲ್ಲುವಂಥದೊಂದು ಬೇಕೆಂದು ದೇವತೆಗಳು ಬ್ರಹ್ಮನನ್ನು ಬೇಡುತ್ತಾರೆ. ರಂಗಭೂಮಿಯ ಮೇಲೆ ಭಾಷಣ ಮಾಡುವವರೆಲ್ಲ ಈ ಕಥೆ ಹೇಳುತ್ತಾರೆ; ಎರಡನೆಯ ಅಧ್ಯಾಯದವರೆಗೆ ಹೋಗುವವರು ಕಡಿಮೆ. ಅಲ್ಲಿ ನಾಟ್ಯಗೃಹಕ್ಕೆ ಅಸ್ತಿಭಾರ ಹಾಕುವ ವಿಧಿಯಿದೆ. ಆ ಹೊತ್ತಿನಲ್ಲಿ ಸ್ಥಳದಿಂದ ದೂರ ಕಳುಹಿಸಬೇಕಾದವರ ಪಟ್ಟಿಯಲ್ಲಿ ಪಾಷಂಡಿಗಳು ಮತ್ತು ಕಾವಿಯುಟ್ಟವರ ಜೊತೆಗೆ ಅಂಗವಿಕಲರೂ ಇದ್ದಾರೆ. 46ನೆಯ ವಯಸ್ಸಿನಲ್ಲಿ ಶಿಕ್ಷಣಶಾಸ್ತ್ರದ ಎಂ.ಎ.ಗೆ ಸೇರಿ, ಸಮನ್ವಯ ಶಿಕ್ಷಣ ಮತ್ತು ನಟನೆ ಎಂಬೆರಡು ಐಚ್ಛಿಕ ವಿಷಯಗಳನ್ನು ಒಟ್ಟಿಗೆ ಓದದೆ ಹೋಗಿದ್ದರೆ ಈ ಎರಡು ಅಧ್ಯಾಯಗಳನ್ನು ನಾನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿರಲಿಲ್ಲ.

ಮುಂಬಯಿಯ ಆ ವಿಶ್ವವಿದ್ಯಾಲಯದಲ್ಲಿ ಎರಡೂ ತರಗತಿಗಳು ಒಂದೇ ಸಂಜೆ ನಡೆಯುತ್ತಿದ್ದವು. ಕೆಳಗಿನ ಮಹಡಿಯಲ್ಲಿ ಸಮನ್ವಯ ಶಿಕ್ಷಣ: 1994ರ ಸಾಲಮಾಂಕಾ ಘೋಷಣೆ, ವಿಕಲಚೇತನರ ಹಕ್ಕುಗಳ ಬಗೆಗಿನ 2006ರ ವಿಶ್ವಸಂಸ್ಥೆಯ ಒಡಂಬಡಿಕೆ, 21 ಬಗೆಯ ವೈಕಲ್ಯಗಳನ್ನು ಗುರುತಿಸಿದ ನಮ್ಮ 2016ರ ಕಾಯಿದೆ. ಎಲ್ಲದರ ಸಾರ ಒಂದೇ. ಮಗು ಶಾಲೆಗೆ ಹೊಂದಿಕೊಳ್ಳಲೆಂದು ಕಾಯುವುದಲ್ಲ, ಶಾಲೆಯೇ ಮಗುವಿಗೆ ತಕ್ಕಂತೆ ತನ್ನನ್ನು ಬದಲಿಸಿಕೊಳ್ಳಬೇಕು. ಇದನ್ನು ಟಿಪ್ಪಣಿ ಮಾಡಿಕೊಂಡು ಮೇಲಿನ ಮಹಡಿಗೆ ಏರಿದರೆ ನಟನೆಯ ತರಗತಿ. ಅಲ್ಲಿ ಗೋಡೆಯುದ್ದಕ್ಕೂ ಕನ್ನಡಿ.

ನನ್ನ ಸಹಪಾಠಿಯೊಬ್ಬಳಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಮರಾಠಿ ಮನೆತನದವಳು, ಹಗಲು ಬ್ಯಾಂಕೊಂದರಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ಅವಳೂ ನನ್ನಂತೆ ಎರಡೂ ವಿಷಯಗಳನ್ನು ಆರಿಸಿಕೊಂಡಿದ್ದಳು. ಕನ್ನಡಿಯ ಮುಂದೆ ನಿಂತು ಮುಖದ ಸ್ನಾಯುಗಳನ್ನು ಪಳಗಿಸುವ ಮೊದಲ ಅಭ್ಯಾಸದ ದಿನ ಅಧ್ಯಾಪಕರು ಬಹಳ ಮೃದುವಾಗಿ, "ನಿಮಗೆ ಇದರಿಂದ ರಿಯಾಯಿತಿ" ಎಂದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. ರೈಲು ನಿಲ್ದಾಣದಲ್ಲಿ ಜನರನ್ನು ಗಮನಿಸಿ ಬರುವ ಅಭ್ಯಾಸಕ್ಕೂ ರಿಯಾಯಿತಿ, ಮೂಕಾಭಿನಯಕ್ಕೂ ರಿಯಾಯಿತಿ, ಚಲನಚಿತ್ರ ನೋಡಿ ಬರೆಯುವುದಕ್ಕಂತೂ ಕೇಳಲೇಬೇಕಿಲ್ಲ. ತಿಂಗಳ ಕೊನೆಗೆ ಅವಳು ನನ್ನೊಡನೆ ಮೆಟ್ಟಿಲಿಳಿಯುತ್ತ, "ತಾಈ, ನನಗೆ ಉಳಿದದ್ದು ಹಾಜರಿಯೊಂದೇ" ಎಂದಳು.

ನನ್ನ ಪ್ರಬಂಧದ ವಿಷಯ ಆ ಮೆಟ್ಟಿಲುಗಳ ಮೇಲೆ ನಿಶ್ಚಯವಾಯಿತು. ಸಮನ್ವಯ ಶಿಕ್ಷಣದ ಪುಸ್ತಕಗಳು ಬಾಗಿಲಲ್ಲೇ ತಡೆಯುವ ಶಾಲೆಯ ಬಗ್ಗೆ ಬಹಳ ಬರೆದಿವೆ. ಒಳಗೆ ಕರೆದು ಕುರ್ಚಿ ಕೊಟ್ಟು, ಬಳಿಕ ಏನನ್ನೂ ಕೇಳದಿರುವ ಶಾಲೆಯ ಬಗ್ಗೆ ಅಷ್ಟು ಬರೆದಂತೆ ನನಗೆ ಕಾಣಲಿಲ್ಲ. ಲಿಖಿತ ಪರೀಕ್ಷೆಯ ಮಟ್ಟಿಗೆ ದಾರಿ ಸಿದ್ಧವಿದೆ: ಬರೆಯುವವರ ನೆರವುಂಟು, 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಟ್ಟಿತು. ನಟನೆಯ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಟ್ಟು ಏನು ಮಾಡುವುದು?

ನಮ್ಮ ರಂಗಪರಂಪರೆಯಲ್ಲಿ ವೈಕಲ್ಯಕ್ಕೆ ಕೊರತೆಯಿಲ್ಲ, ವಿಕಲಚೇತನರಿಗೆ ಮಾತ್ರ ಜಾಗವಿಲ್ಲ. ಮಂಥರೆಯ ಗೂನು, ದೂರದರ್ಶನದ ಶಕುನಿಯ ಕುಂಟು, ಧೃತರಾಷ್ಟ್ರನ ಕುರುಡು, ಎಲ್ಲವೂ ಮೈ ನೆಟ್ಟಗಿರುವವರ ಪಾಲಿನ ಪಾತ್ರಗಳು. ತರಗತಿಯಲ್ಲಿ ಹುಡುಗನೊಬ್ಬ ಧೃತರಾಷ್ಟ್ರನಾಗಿ, ಎರಡೂ ಕೈ ಮುಂದೆ ಚಾಚಿ ಗಾಳಿಯನ್ನು ತಡವುತ್ತ ಬಂದ. ಎಲ್ಲರೂ ಮೆಚ್ಚಿದರು. ಅವನು ಹೇಗೆ ನಡೆದನೆಂದು ಅವಳು ಕೇಳಿದಳು, ನಾನು ಹೇಳಿದೆ. ಅವಳು ನಗು ತಡೆಯಲಾರದೆ, "ಅವನು ಆ ಅರಮನೆಯಲ್ಲೇ ಹುಟ್ಟಿ ಬೆಳೆದವನಲ್ಲವೇ? ನನ್ನ ಅಡುಗೆಮನೆಯಲ್ಲಿ ನಾನು ಹಾಗೆ ನಡೆದರೆ ಹಾಲು ಉಕ್ಕಿಹೋಗುತ್ತದೆ" ಎಂದಳು. ಅಭಿನಯದ ಬಗ್ಗೆ ಆ ವರ್ಷ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ಇದಕ್ಕೆ ಪರ್ಯಾಯವನ್ನು ಹುಡುಕಿಕೊಂಡು ನಾನು ಹೊರದೇಶದ ಪುಸ್ತಕಗಳಿಗೆ ಹೋಗಬೇಕಿರಲಿಲ್ಲ. ನಾನು ಗದಗ ಸೀಮೆಯವಳು. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳೂ ಅನಾಥ ಮಕ್ಕಳೂ ಒಟ್ಟಿಗೆ ಉಂಡು, ಒಟ್ಟಿಗೆ ಸಂಗೀತ ಕಲಿತರು. ಆಶ್ರಮದ ಅನ್ನಕ್ಕಾಗಿ ನಾಟಕ ಕಂಪನಿ ನಡೆಯಿತು, ಪುಟ್ಟರಾಜರು ನಾಟಕಗಳನ್ನು ಬರೆದರು. ಪಂಚಾಕ್ಷರಿ ಗವಾಯಿಗಳು ತೀರಿಕೊಂಡದ್ದು 1944ರಲ್ಲಿ, ಸಾಲಮಾಂಕಾ ಘೋಷಣೆಗೆ ಸರಿಯಾಗಿ ಐವತ್ತು ವರ್ಷ ಮೊದಲು. ಆಶ್ರಮದಲ್ಲಿ ಯಾರಿಗೂ ರಿಯಾಯಿತಿಯಿದ್ದಂತೆ ನಾನು ಹಿರಿಯರಿಂದ ಕೇಳಿಲ್ಲ. ಸ್ವರ ತಪ್ಪಿದರೆ ಎಲ್ಲರಿಗೂ ಬೈಗುಳವೇ. (ನನ್ನ ಪ್ರಬಂಧದ ಈ ಅಧ್ಯಾಯ ಓದಿದ ಹೊರಗಿನ ಪರೀಕ್ಷಕರು, "ಇದು ಶಿಕ್ಷಣವೋ, ಭಕ್ತಿಯೋ?" ಎಂದು ಅಂಚಿನಲ್ಲಿ ಬರೆದಿದ್ದರು. ಎರಡೂ ಎಂದು ಉತ್ತರಿಸಿದೆ.)

ವರ್ಷಾಂತ್ಯದ ಪರೀಕ್ಷೆಗೆ ಅವಳು ಗಾಂಧಾರಿಯನ್ನು ಆರಿಸಿಕೊಂಡಳು. ಎಲ್ಲರಿಗೂ ಅದು ಸಹಜವಾದ ಆಯ್ಕೆಯೆನಿಸಿತು. ಕಣ್ಣಿಗೆ ಬಟ್ಟೆ ಕಟ್ಟಿದರಾಯಿತಲ್ಲ. ಆದರೆ ಅವಳು ಅಭಿನಯಿಸಬೇಕೆಂದುಕೊಂಡದ್ದು ಬಟ್ಟೆ ಕಟ್ಟಿಕೊಳ್ಳುವ ಮುಂಚಿನ ಗಳಿಗೆಯನ್ನು, ಗಾಂಧಾರಿ ಕೊನೆಯ ಬಾರಿಗೆ ಲೋಕವನ್ನು ನೋಡುವುದನ್ನು. ಮೂರು ವಾರ ನಮ್ಮನ್ನೆಲ್ಲ ಹಿಡಿದು ಕೂರಿಸಿ ಪ್ರಶ್ನೆ ಕೇಳಿದಳು. ಬಿಟ್ಟುಹೋಗುವವರನ್ನು ನೋಡುವಾಗ ಮೊದಲು ಮುಖ ನೋಡುತ್ತೀರೋ, ಕೈಯನ್ನೋ? ದೀಪವನ್ನು ನೋಡಿದ ಮೇಲೆ ಕತ್ತಲೆಯ ಕಡೆ ತಿರುಗಿದರೆ ಕತ್ತು ಎಷ್ಟು ಹೊತ್ತು ತಡೆಯುತ್ತದೆ? ನಮಗೆ ಉತ್ತರ ಗೊತ್ತಿರಲಿಲ್ಲ. ಹೋಗಿ ನೋಡಿ ಬಂದು ಹೇಳಬೇಕಾಯಿತು. ವೇದಿಕೆಯ ಮುಂಚಿನಿಂದ ಎರಡು ಹೆಜ್ಜೆ ಒಳಗೆ ತೆಂಗಿನ ನಾರಿನ ಚಾಪೆಯ ಪಟ್ಟಿ ಹಾಸಿದೆವು, ಬರಿಗಾಲಿಗೆ ಅದು ತಗುಲಿದರೆ ಅಂಚು ಹತ್ತಿರವೆಂದು ಅರ್ಥ. ಸಖಿಯ ಪಾತ್ರದವಳು ಬಳೆಯ ಸದ್ದಿನಿಂದ ತಾನಿರುವ ಜಾಗ ತಿಳಿಸುತ್ತಿದ್ದಳು. ಇದರಿಂದಾದ ಲಾಭ ಅವಳೊಬ್ಬಳದಲ್ಲ. ಸುಮ್ಮನೆ ಅಡ್ಡಾಡುವ ನಮ್ಮೆಲ್ಲರ ಚಾಳಿ ಹೋಯಿತು; ಪ್ರತಿ ಹೆಜ್ಜೆಗೂ ಒಂದು ಕಾರಣ ಬೇಕಾಯಿತು.

ಅಂಕಪಟ್ಟಿಯಲ್ಲಿ 100ಕ್ಕೆ 15 ಅಂಕ 'ನೇತ್ರಾಭಿನಯ'ಕ್ಕೆ. ನಾಟ್ಯಶಾಸ್ತ್ರ 36 ದೃಷ್ಟಿಗಳನ್ನು ಹೇಳಿರುವಾಗ ಇದು ಅಸಂಗತವೇನಲ್ಲ. ಪರೀಕ್ಷೆಗೆ ಮುನ್ನವೇ ವಿಭಾಗದವರು ಅವಳಿಗೆ ತಿಳಿಸಿದರು: ಆ ಕಾಲಂ ಖಾಲಿ ಬಿಟ್ಟು, ಉಳಿದವುಗಳ ಸರಾಸರಿಯನ್ನು ಅಲ್ಲಿ ತುಂಬುತ್ತೇವೆ. ಅವಳು ಒಪ್ಪಲಿಲ್ಲ. "ನಾನು ನೋಡುವುದನ್ನೇ ಅಭಿನಯಿಸುತ್ತಿದ್ದೇನೆ. ನೋಡಿ, ಅಂಕ ಕೊಡಿ, ಸೊನ್ನೆಯಾದರೂ ಸರಿ." ಆದರೂ ಸರಾಸರಿಯೇ ಬಂತು.

2016ರ ಕಾಯಿದೆಯ 29ನೆಯ ಕಲಂ ಸಂಸ್ಕೃತಿಗೆ ಸಂಬಂಧಿಸಿದ್ದು. ವಿಕಲಚೇತನರು ಭಾಗವಹಿಸಲು ಅನುವಾಗುವಂತೆ ಕಲಾವಿಷಯಗಳ ಪಠ್ಯಕ್ರಮವನ್ನೇ ಮರುರೂಪಿಸಬೇಕೆಂದು ಅಲ್ಲಿದೆ. ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಕರಣದಲ್ಲಿ, ಬಣ್ಣಗುರುಡು ಇರುವವರಿಗೆ ಯಾವ ಕೋರ್ಸಿನ ಬಾಗಿಲನ್ನೂ ಮುಚ್ಚಬಾರದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಎರಡನ್ನೂ ಸೇರಿಸಿ ಅವಳು ಅರ್ಜಿ ಬರೆದಳು, ನಾನು ಬೆರಳಚ್ಚು ಮಾಡಿದೆ. ಅವಳ ಅಂಕ ಬದಲಾಗಲಿಲ್ಲ. ಮುಂದಿನ ತಂಡದ ಅಂಕಪಟ್ಟಿಯಲ್ಲಿ 'ನೇತ್ರಾಭಿನಯ' ಹೋಗಿ 'ಏಕಾಗ್ರತೆ ಮತ್ತು ಸಹನಟರೊಡನೆ ಸ್ಪಂದನ' ಬಂದಿದೆ. ವಿಭಾಗ ಇದನ್ನು ಸುಧಾರಣೆಯೆನ್ನುತ್ತದೆ. ನನಗೆ ಅರ್ಧ ಸಮಾಧಾನ. ಅವಳು ಕೇಳಿದ್ದು ಕಾಲಂ ಅಳಿಸಿ ಎಂದಲ್ಲ, ಅದರಲ್ಲಿ ತನ್ನನ್ನು ಅಳೆಯಿರಿ ಎಂದು.

ಈಗ ನಮ್ಮ ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಏಕಾಂಕವೊಂದರ ತಾಲೀಮು ನಡೆದಿದೆ. ಅವಳಿಗೊಂದು ಪಾತ್ರವಿದೆ, ಹದಿನಾಲ್ಕು ಮಾತು. ಕನ್ನಡ ಬಾರದವಳು ಹೇಗೆ ಓದಿಯಾಳೆಂದು ಹಿರಿಯರೊಬ್ಬರು ಸಂಶಯಪಟ್ಟರು. ನಾನು ಮಾತುಗಳನ್ನು ಬ್ರೈಲ್‌ನಲ್ಲಿ ಮುದ್ರಿಸಿ ತಂದೆ. ಭಾರತಿ ಬ್ರೈಲ್‌ನಲ್ಲಿ ಕನ್ನಡದ 'ಕ'ಕ್ಕೂ ಮರಾಠಿಯ 'ಕ'ಕ್ಕೂ ಒಂದೇ ಚುಕ್ಕಿ. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಸಂಭಾಷಣೆಯನ್ನು ದೇವನಾಗರಿಯಲ್ಲಿ ಬರೆದುಕೊಂಡು ಓದುವಾಗ, ಅವಳು ಕನ್ನಡ ಪ್ರತಿಯನ್ನೇ ಬೆರಳಲ್ಲಿ ಓದಿದಳು. ಹ್ರಸ್ವ ಎಕಾರ, ಒಕಾರಗಳಲ್ಲಿ ಮಾತ್ರ ತಡವರಿಸಿದಳು. ಮರಾಠಿಗರೆಲ್ಲ ತಡವರಿಸುವುದೇ ಅಲ್ಲಿ. ಸಭಾಗೃಹದ ವೇದಿಕೆಗೆ ಏಳು ಕಡಿದಾದ ಮೆಟ್ಟಿಲುಗಳಿವೆ, ಹಿಡಿಕೆಯಿಲ್ಲ. ಅದಕ್ಕೆ ಕಬ್ಬಿಣದ ಕೊಳವೆ ಹಾಕಿಸಲು ಸಮಿತಿ ಒಪ್ಪಿದೆ. ನಾರಿನ ಪಟ್ಟಿ ಎಷ್ಟು ಅಗಲವಿರಬೇಕೆಂದು ಬಡಗಿ ಕೇಳಿದ. ಒಂದು ಗೇಣು ಸಾಕೆಂದೆ. ರಾತ್ರಿ ಅವಳ ಫೋನ್ ಬಂತು: "ತಾಈ, ಎರಡು ಗೇಣು ಹಾಕಿಸಿ. ಕೊನೆಯ ದೃಶ್ಯದಲ್ಲಿ ನಾನು ಓಡಿ ಬರಬೇಕು."