ಎಳೆ ಎಣಿಸುವ ಹೊತ್ತು

ನನ್ನ ತವರು ಧಾರವಾಡ. ಪಕ್ಕದ ಮನೆಯ ಅಜ್ಜಿ ಮಧ್ಯಾಹ್ನದ ಕೆಲಸ ಮುಗಿಸಿ ಕಟ್ಟೆಯ ಮೇಲೆ ಇಳಕಲ್ ಸೀರೆ ಹರಡಿಕೊಂಡು ಕಸೂತಿ ಹಾಕುತ್ತಿದ್ದರು. ಶಾಲೆಯಿಂದ ಬಂದವಳೇ ನಾನು ಅವರ ಬಳಿ ಓಡುತ್ತಿದ್ದೆ. ಗಾವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳನ್ನು ಕಲಿಸಿದವರು ಅವರೇ. ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸುತ್ತಲೇ ಸೂಜಿ ಹಾಕಬೇಕು, ದಾರಕ್ಕೆ ಗಂಟು ಹಾಕುವಂತಿಲ್ಲ. ಗಾವಂತಿಯಲ್ಲಿ ಹೋಗುವಾಗ ನಡುನಡುವೆ ಜಾಗ ಬಿಟ್ಟು ಹೊಲಿದು, ಬರುವಾಗ ಆ ಜಾಗ ತುಂಬಬೇಕು. ಒಂದೆಳೆ ತಪ್ಪಿದರೂ ವಾಪಸು ಬರುವ ದಾರ ಕೂಡುವುದಿಲ್ಲ. ಅಷ್ಟನ್ನೂ ಬಿಚ್ಚಬೇಕು. ಸರಿಯಾಗಿ ಬಂದರೆ ಬಟ್ಟೆಯ ಒಳಗು ಯಾವುದು, ಹೊರಗು ಯಾವುದು ಎಂದೇ ತಿಳಿಯದು.

ಮದುವೆಯಾಗಿ ಬಂದದ್ದು ತುಂಬಿದ ಮನೆಗೆ. ಅತ್ತೆಗೆ ನನ್ನ ಮೇಲೆ ಬೇರೆ ದೂರಿರಲಿಲ್ಲ, ಸೂಜಿ ಹಿಡಿದಾಗ ಮಾತ್ರ ಮುಖ ಗಂಟಿಕ್ಕುತ್ತಿದ್ದರು. ಓರಗಿತ್ತಿಯ ಹೊಲಿಗೆ ಯಂತ್ರದ ಬಗ್ಗೆ ಮನೆಯಲ್ಲಿ ಯಾರದೂ ತಕರಾರಿಲ್ಲ. ಅವಳು ಮಕ್ಕಳ ಕುರ್ತಾ, ಸಲ್ವಾರ್ ಹೊಲಿದು ದರ್ಜಿಯ ಖರ್ಚು ಉಳಿಸುತ್ತಾಳೆ. ನಾನೋ ಒಂದೇ ಸೆರಗಿಗೆ ತಿಂಗಳುಗಟ್ಟಲೆ ಕೂರುವವಳು. "ಕಣ್ಣೂ ಹಾಳು, ಹೊತ್ತೂ ಹಾಳು" ಎನ್ನುತ್ತಿದ್ದರು ಅತ್ತೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾಡೋಣವೆಂದರೆ ಕರಿ ಸೀರೆಯ ಎಳೆ ದೀಪದಲ್ಲಿ ಕಾಣುವುದಿಲ್ಲ. ಹಗಲಿನ ಬೆಳಕೇ ಬೇಕು. ಹಗಲಿನಲ್ಲೇ ಮನೆಗೂ ನಾನು ಬೇಕು.

ಹೆಣ್ಣಿನ ಕಲೆ ಅಡುಗೆಮನೆಯಲ್ಲೇ ಕಮರಿಹೋಗುತ್ತದೆ ಎಂದು ಗೆಳತಿಯರ ಬಳಿ ಬಹಳ ಹೇಳಿಕೊಂಡಿದ್ದೇನೆ. ಆ ಒಂದು ದಿನದ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನ ಇನ್ಸುಲಿನ್ ಚುಚ್ಚಿಕೊಂಡ ಅರ್ಧ ಗಂಟೆಗೆ ಊಟ ಕೊಡಬೇಕು. ಓರಗಿತ್ತಿ ತವರಿಗೆ ಹೋಗಿದ್ದಳು. ರೊಟ್ಟಿ, ಪಲ್ಯ ಮಾಡಿಟ್ಟು, ಇನ್ನೂ ಹೊತ್ತಿದೆಯಲ್ಲಾ ಎಂದು ಕಿಟಕಿಯ ಪಕ್ಕ ಕೂತೆ. ತೇರಿನ ಚಿತ್ತಾರ ಎಲ್ಲೋ ಒಂದೆಳೆ ತಪ್ಪಿತ್ತು. ಬಿಚ್ಚಿದೆ, ಎಣಿಸಿದೆ, ಮತ್ತೆ ಬಿಚ್ಚಿದೆ. ಮಸೀದಿಯಿಂದ ಝುಹರ್ ಅಝಾನ್ ಕೇಳಿಸಿತೋ ಇಲ್ಲವೋ, ಇಂದಿಗೂ ನೆನಪಿಲ್ಲ. ಒಳಗಿನಿಂದ ಲೋಟ ಉರುಳಿದ ಸದ್ದು ಬಂತು. ಹೋಗಿ ನೋಡಿದರೆ ಅತ್ತೆ ಬೆವರಿನಲ್ಲಿ ತೊಯ್ದು ಮಂಚದ ಅಂಚು ಹಿಡಿದು ಕೂತಿದ್ದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಸಕ್ಕರೆ ಕಲಸಿದ ನೀರು ಕುಡಿಸಿದೆ. ಕಾಲು ಗಂಟೆಗೆ ಚೇತರಿಸಿಕೊಂಡರು. ಆ ಕಾಲು ಗಂಟೆ ನಾನು ಅಲ್ಲಾಹನನ್ನು ಬೇಡಿಕೊಂಡ ರೀತಿ ನನಗೇ ಗೊತ್ತು. ಅವರು ನನ್ನನ್ನು ಕರೆದಿದ್ದರಂತೆ. ಎರಡು ಸಲ.

ಅವರು ಯಾರಿಗೂ ದೂರು ಹೇಳಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಸಂಜೆ ಇವರು ಬಂದ ಮೇಲೆ ನಾನೇ ಎಲ್ಲವನ್ನೂ ಹೇಳಿದೆ. ಮರುದಿನ ಸೀರೆ, ದಾರ, ಸೂಜಿ ಎಲ್ಲವನ್ನೂ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದೆ. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ.

ಐದು ತಿಂಗಳಾಗಿರಬಹುದು, ಒಂದು ದಿನ ಅತ್ತೆಯೇ ಕೇಳಿದರು: "ಆ ಕರಿ ಸೀರೆ ಎಲ್ಲಿ?"

"ಬಿಟ್ಟುಬಿಟ್ಟೆ ಅಮ್ಮೀ."

"ನನ್ನ ದೆಸೆಯಿಂದ ಬಿಟ್ಟಳು ಅಂತ ಜನ ಆಡಿಕೊಳ್ಳುವುದು ನನಗೆ ಬೇಡ. ತೆಗಿ. ಮೊಮ್ಮಗಳ ನಿಕಾಹ್‌ಗೆ ಕೊಡೋಣ. ಆದರೆ ನನ್ನ ಊಟ ಮೊದಲು!"

ಈಗ ಅವರಿಗೆ ಊಟ ಕೊಟ್ಟು, ಝುಹರ್ ನಮಾಝ್ ಮುಗಿಸಿ, ಅವರ ಮಂಚದ ಪಕ್ಕದಲ್ಲೇ ಕೂರುತ್ತೇನೆ. ಅಸರ್‌ವರೆಗೆ ನನ್ನ ಹೊತ್ತು. ಮಗ ಟ್ಯೂಷನ್‌ಗೆ ಹೊರಡುವ ದಿನ ಅದೂ ಇಲ್ಲ. ಕಣ್ಣು ಹಾಳು ಎಂಬ ಮಾತನ್ನು ಅತ್ತೆ ಬಿಟ್ಟಿಲ್ಲ, ನನಗೆ ಕನ್ನಡಕ ಬಂದ ಮೇಲಂತೂ ಹೆಚ್ಚಾಗಿದೆ. ಮೊನ್ನೆ ಸೆರಗನ್ನು ಇಸಿದುಕೊಂಡು ತಿರುಗಿಸಿ ನೋಡಿ, "ಈ ಆನೆಯ ಕಾಲು ಗಿಡ್ಡ" ಎಂದರು. ಎಣಿಸಿದೆ. ಹೌದು, ಎರಡೆಳೆ ಕಡಿಮೆ. ಬಿಚ್ಚುತ್ತಿದ್ದೇನೆ. ಇನ್ನು ಎರಡು ತೇರು, ಒಂದು ಸಾಲು ನವಿಲು ಬಾಕಿ. ನಿಕಾಹ್‌ಗೆ ಮುಗಿಯುತ್ತದೋ ಇಲ್ಲವೋ ಹೇಳಲಾರೆ.