ಕಾಲ್ಚೆಂಡಿನ ಬಾಲಲೀಲೆ

ಬೆಂಗಳೂರಿನ ದಕ್ಷಿಣಭಾಗದಲ್ಲಿ ಸುದ್ದಗುಂಟೆಪಾಳ್ಯವೆಂಬ ಸ್ಥಳವುಂಟು. ಹೆಸರನ್ನು ಬಿಡಿಸಿ ನೋಡಿದರೆ ಒಂದು ಕುಂಟೆಯೂ ಒಂದು ಪಾಳ್ಯವೂ ಅದರೊಳಗೆ ಅಡಗಿರುವಂತೆ ತೋರುತ್ತದೆ. ಕುಂಟೆಯ ಕಕಾರವು ಸಮಾಸದಲ್ಲಿ ಗಕಾರವಾಗುವುದು ವ್ಯಾಕರಣಸಮ್ಮತವೇ ಆಗಿದೆ. ಈಗ ಅಲ್ಲಿ ಕಣ್ಣಿಗೆ ಬೀಳುವುದು ನೀರಲ್ಲ, ಮನೆಯ ಮೇಲೊಂದು ಮನೆ, ಅದರ ಮೇಲೆ ಇನ್ನೊಂದು. ಹೊಸೂರು ರಸ್ತೆಯ ಕ್ರೈಸ್ಟ್ ವಿಶ್ವವಿದ್ಯಾಲಯವು ಸಮೀಪದಲ್ಲಿಯೇ ಇರುವುದರಿಂದ ನಾನಾ ದೇಶಗಳ ವಿದ್ಯಾರ್ಥಿಗಳೂ ಉದ್ಯೋಗಸ್ಥರಾದ ತರುಣರೂ ಅಲ್ಲಿ ಬಾಡಿಗೆಗೆ ಇರುತ್ತಾರೆ. ಒಂದೇ ಮೆಟ್ಟಿಲಸಾಲಿನಲ್ಲಿ ನಾಲ್ಕು ಭಾಷೆಗಳು ಕೇಳಿಬರುವುದು ಅಲ್ಲಿ ಅಪೂರ್ವವಲ್ಲ.

ಅಂತಹ ಒಂದು ಮನೆಯ ಕೆಳಗೆ ಯಜಮಾನರೂ ಅವರ ಪತ್ನಿಯೂ ವಾಸವಾಗಿದ್ದರು. ಮೇಲಣ ಮಹಡಿಯಲ್ಲಿ ಮೂವರು ತರುಣರಿದ್ದರು. ಯಜಮಾನರು ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ವಯಸ್ಸು ಎಪ್ಪತ್ತೈದನ್ನು ದಾಟಿತ್ತು. ತರುಣರಲ್ಲಿ ಒಬ್ಬನು ಹಾಸನದ ಕಡೆಯವನು, ಒಬ್ಬನು ಮಲೆಯಾಳದವನು, ಮತ್ತೊಬ್ಬನು ವಂಗದೇಶದವನು. ಮೂವರ ನುಡಿಯೂ ಊಟವೂ ಬೇರೆಬೇರೆಯಾಗಿದ್ದರೂ ಅಂಗಿಯ ಬಣ್ಣ ಮಾತ್ರ ಒಂದೇ, ನೀಲಿ. ಅದು ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಬಣ್ಣವೆಂಬುದನ್ನು ಯಜಮಾನರು ಬಹುಕಾಲ ಅರಿತಿರಲಿಲ್ಲ. ಯಾವುದೋ ಕಾರ್ಖಾನೆಯ ಸಮವಸ್ತ್ರವೆಂದೇ ಭಾವಿಸಿ, ಹುಡುಗರು ರಾತ್ರಿಯ ಪಾಳಿಗೆ ಹೋಗುತ್ತಾರೆಂದು ಮರುಕಪಡುತ್ತಿದ್ದರು.

೨೦೨೨ನೆಯ ಇಸವಿಯ ನವರಾತ್ರಿ. ಕೆಳಗಡೆ ಬೊಂಬೆಗಳನ್ನು ಕೂರಿಸಿದ್ದರು. ಮುತ್ತೈದೆಯರು ಬಂದು ಹಾಡು ಹೇಳುವ ಹೊತ್ತು. ಅಷ್ಟರಲ್ಲಿ ಮಹಡಿಯ ಮೇಲೆ ಛಾವಣಿ ಹಾರಿಹೋಗುವಂತಹ ಘೋಷವೆದ್ದಿತು. ಮಂಗಳಾರತಿಯ ಹಾಡು ಅರ್ಧಕ್ಕೆ ನಿಂತಿತು. ಯಜಮಾನರು ಹುಡುಗರನ್ನು ಗದರಿಸಬೇಕೆಂದು, ಮಂಡಿನೋವನ್ನೂ ಲೆಕ್ಕಿಸದೆ ಮೆಟ್ಟಿಲೇರಿದರು. ಬಾಗಿಲು ತೆರೆದಿತ್ತು. ಹತ್ತು ಹನ್ನೆರಡು ಮಂದಿ ನೆಲದ ಮೇಲೆ ಕುಳಿತಿದ್ದರು. ಗೋಡೆಗೆ ಹಾಸಿಗೆಯ ಬಿಳಿ ಹೊದಿಕೆಯೊಂದನ್ನು ಮೊಳೆ ಹೊಡೆದು ಕಟ್ಟಿ, ಅದರ ಮೇಲೆ ಚಲಚ್ಚಿತ್ರವೊಂದನ್ನು ಬಿಟ್ಟಿದ್ದರು. (ಆ ಮೊಳೆಗಳ ವಿಷಯವಾಗಿ ಮರುದಿನ ಪ್ರತ್ಯೇಕವಾದ ಸಂಭಾಷಣೆ ನಡೆಯಿತೆಂಬುದು ಪ್ರಕೃತಕ್ಕೆ ಸಂಬಂಧಿಸಿದ್ದಲ್ಲ.)

“ಏನಪ್ಪಾ ಇದು? ಈಗಲೂ ಆಟವೇ? ಮೊನ್ನೆ ತಾನೇ ಗೆದ್ದು ಕುಣಿದಿರಿ!” ಎಂದರು ಯಜಮಾನರು. ಹದಿನೈದು ದಿನಗಳ ಹಿಂದೆಯಷ್ಟೇ, ಸೆಪ್ಟೆಂಬರ್ ೧೮ರಂದು, ಈ ಕ್ಲಬ್ಬಿನವರು ಕಲ್ಕತ್ತೆಯಲ್ಲಿ ಡ್ಯುರಾಂಡ್ ಕಪ್ಪನ್ನು ಗೆದ್ದಿದ್ದರು.

“ಆಟವಲ್ಲ, ಸಾರ್. ಇದು ಛೇತ್ರಿಯ ಕಥೆ. ಚಿಕ್ಕಂದಿನದು” ಎಂದು ಹಾಸನದ ಹುಡುಗನು ಎದ್ದುನಿಂತು ಕುರ್ಚಿಯನ್ನು ತಂದಿಟ್ಟನು.

ವಿಶ್ವದ ಕಾಲ್ಚೆಂಡಾಟವನ್ನು ಆಳುವ ಫಿಫಾ ಎಂಬ ಸಂಸ್ಥೆಯು ಸುನಿಲ್ ಛೇತ್ರಿಯನ್ನು ಕುರಿತು ‘ಕ್ಯಾಪ್ಟನ್ ಫೆಂಟಾಸ್ಟಿಕ್’ ಎಂಬ ಹೆಸರಿನಲ್ಲಿ ಮೂರು ಭಾಗಗಳ ಚಲಚ್ಚಿತ್ರವನ್ನು ಆ ಸೆಪ್ಟೆಂಬರಿನ ಕೊನೆಯಲ್ಲಿ ಹೊರತಂದಿತ್ತು. ಅದರ ಮೊದಲನೆಯ ಭಾಗವು ಆತನ ಆರಂಭದ ದಿನಗಳಿಂದ ಹೊರಟು, ಇಪ್ಪತ್ತನೆಯ ವಯಸ್ಸಿನಲ್ಲಿ ದೇಶಕ್ಕಾಗಿ ಮೊದಲು ಆಡಿದಲ್ಲಿಗೆ ಬಂದು ನಿಲ್ಲುತ್ತದೆ. ಛೇತ್ರಿ ಹುಟ್ಟಿದ್ದು ೧೯೮೪ರ ಆಗಸ್ಟ್ ೩ರಂದು, ಸಿಕಂದರಾಬಾದಿನಲ್ಲಿ. ತಂದೆ ಸೈನ್ಯದಲ್ಲಿದ್ದವರು, ಆದಕಾರಣ ವರ್ಗವಾದ ಊರೇ ಊರು. ತಾಯಿ ನೇಪಾಳ ದೇಶದ ಸ್ತ್ರೀಯರ ತಂಡದಲ್ಲಿ ಕಾಲ್ಚೆಂಡು ಆಡಿದವರು. ಅವರ ಅವಳಿ ಸೋದರಿಯೂ ಹಾಗೆಯೇ. ಹುಡುಗನು ದಿಲ್ಲಿಯ ಸಿಟಿ ಕ್ಲಬ್ಬಿನಲ್ಲಿ ಆಡಿ, ೨೦೦೨ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನನ್ನು ಸೇರಿ, ೨೦೦೫ರ ಜೂನ್ ೧೨ರಂದು ಪಾಕಿಸ್ತಾನದ ಕ್ವೆಟ್ಟಾ ನಗರದಲ್ಲಿ ದೇಶದ ಪರವಾಗಿ ಮೊದಲ ಸಲ ಕಣಕ್ಕಿಳಿದು, ಆ ದಿನವೇ ಗೋಲು ಹೊಡೆದನು. ಕೆಳಗಡೆ ಮಂಗಳಾರತಿಯನ್ನು ನಿಲ್ಲಿಸಿದ ಘೋಷ ಆ ಗೋಲಿಗೆ ಎದ್ದದ್ದು. ಹದಿನೇಳು ವರ್ಷಗಳ ಹಿಂದಿನ ಗೋಲು! ಅಲ್ಲಿದ್ದವರಲ್ಲಿ ಕೆಲವರು ಆಗ ಅಕ್ಷರಾಭ್ಯಾಸವಿಲ್ಲದ ಶಿಶುಗಳು.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಬಳಿಕ ಕೇಳಿದರು: “ಹುಟ್ಟಿದ್ದು ಸಿಕಂದರಾಬಾದು, ಕಲಿತದ್ದು ದಿಲ್ಲಿ, ಮೊದಲು ಆಡಿದ್ದು ಕಲ್ಕತ್ತೆ. ಹೀಗಿರಲಾಗಿ ನಿಮಗೆ ಇವನು ಹೇಗಪ್ಪಾ ಬೆಂಗಳೂರಿನವನು?”

ಹುಡುಗರು ಮುಖ ಮುಖ ನೋಡಿಕೊಂಡರು. ಪ್ರಶ್ನೆ ಅನ್ಯಾಯದ್ದಲ್ಲ. ಬೆಂಗಳೂರಿನ ಈ ಕ್ಲಬ್ಬು ಜನ್ಮತಾಳಿದ್ದೇ ೨೦೧೩ರಲ್ಲಿ. ಅದೇ ವರ್ಷ ಛೇತ್ರಿ ಬಂದು ಸೇರಿದಾಗ ಅವನಿಗೆ ಇಪ್ಪತ್ತೊಂಬತ್ತು ತುಂಬುವ ಹೊತ್ತು. ಮೊದಲ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದರು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮದ ಕಟ್ಟೆಯಲ್ಲಿ ನಿಂತು ಕೂಗುತ್ತಿದ್ದ ಅಭಿಮಾನಿಗಳು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಹೆಸರನ್ನು ತಾಳಿದರು. ೨೦೧೪ರಲ್ಲಿ ಆಟ ಕಂಠೀರವಕ್ಕೆ ಹೋದರೂ ಹೆಸರು ಹಾಗೆಯೇ ಉಳಿಯಿತು. ಅಲ್ಲಿಂದ ಮುಂದಿನದನ್ನೆಲ್ಲ ಈ ಜನ ಕಣ್ಣಾರೆ ಕಂಡವರು. ಕಾಣದಿದ್ದುದು ಹಿಂದಿನದೊಂದೇ.

ಭಾಗವತದ ದಶಮಸ್ಕಂಧವನ್ನು ಓದಿದವರಿಗೆ ಈ ಸಂಗತಿ ಹೊಸದಾಗಿ ತೋರಲಾರದು. ಕಂಸವಧೆಯಾದ ಮೇಲೆ ಕೃಷ್ಣನು ತಂದೆತಾಯಿಗಳ ಬಳಿಗೆ ಬಂದು ಮೊದಲು ಹೇಳುವ ಮಾತು ಪರಾಕ್ರಮದ್ದಲ್ಲ. ಸದಾ ಹಂಬಲಿಸುತ್ತಿದ್ದರೂ ತನ್ನ ಮತ್ತು ಅಣ್ಣನ ಬಾಲ್ಯ ಕೈಶೋರಗಳ ಸುಖ ಅವರಿಗೆ ದೊರೆಯದೆ ಹೋಯಿತಲ್ಲಾ ಎಂದು ಅವನು ಬಿನ್ನೈಸುತ್ತಾನೆ. ದೇವಕಿಗೆ ಮಗ ಸಿಕ್ಕಿದ್ದು ಬೆಳೆದ ಮೇಲೆ. ಬೆಣ್ಣೆ ಕದ್ದದ್ದು, ಮಣ್ಣು ತಿಂದದ್ದು, ಒರಳಿಗೆ ಕಟ್ಟಿಸಿಕೊಂಡದ್ದು ಎಲ್ಲವೂ ಗೋಕುಲದ ಪಾಲು. ಮಥುರೆಯವರು ಅದನ್ನು ಕೇಳಿ ತಿಳಿಯಬೇಕು. ಅಭಿಮಾನವೆಂಬುದು ವೀರನನ್ನು ಪಡೆದಷ್ಟರಿಂದ ತೃಪ್ತಿಗೊಳ್ಳದೆ, ತಾನಿಲ್ಲದಿದ್ದ ಕಾಲವನ್ನೂ ತನ್ನದಾಗಿ ಮಾಡಿಕೊಳ್ಳಲು ಹವಣಿಸುತ್ತದೆ. ಹಿಂದೆ ಅದಕ್ಕೆ ಪುರಾಣಿಕನು ಬೇಕಾಗಿದ್ದನು. ಈಗ ಗೋಡೆಗೆ ಹೊಡೆದ ಹೊದಿಕೆ ಸಾಕಾಗುತ್ತದೆ. ಬ್ರೆಜಿಲ್ ದೇಶದ ಪೆಲೆಯ ಬಾಲ್ಯವನ್ನು ತೋರಿಸುವ ಚಲಚ್ಚಿತ್ರವೂ ೨೦೧೬ರಲ್ಲಿ ಬಂದಿತ್ತು. ಅದಕ್ಕೆ ಸಂಗೀತ ಕೂಡಿಸಿದವರು ಎ. ಆರ್. ರೆಹಮಾನ್. ಕಾಲುಚೀಲದೊಳಗೆ ಕಾಗದ ತುರುಕಿ ಚೆಂಡು ಮಾಡಿಕೊಂಡು ಆಡಿದ ಬಡಹುಡುಗನನ್ನು ನೋಡಲು ಜಗತ್ತಿಗೇ ಆಸೆ.

“ಬೆಂಗಳೂರಿನವನೆಂದರೆ ಅಹಮದ್ ಖಾನ್” ಎಂದರು ಯಜಮಾನರು, ಯಾರಿಗೂ ಅಲ್ಲವೆಂಬಂತೆ.

ವಂಗದ ಹುಡುಗನು ಥಟ್ಟನೆ ತಿರುಗಿದನು. “ಈಸ್ಟ್ ಬೆಂಗಾಲಿನ ಅಹಮದ್ ಖಾನ್? ಪಂಚಪಾಂಡವರಲ್ಲಿ ಒಬ್ಬರು?”

“ಅದೇನೋ ಕಾಣೆ. ನಮ್ಮ ತಂದೆ ಹೇಳುತ್ತಿದ್ದರು. ಇಲ್ಲಿಯವನು, ದಂಡಿನ ಪ್ರದೇಶದವನು.”

“ಅವರು ಬೆಂಗಳೂರಿನವರೇ, ಸಾರ್? ನಮ್ಮ ತಾತ ಅವರನ್ನು ಕಲ್ಕತ್ತೆಯವರೆಂದೇ ಹೇಳುತ್ತಿದ್ದರು!”

ಇಬ್ಬರಲ್ಲಿಯೂ ಅರ್ಧರ್ಧ ಕಥೆಯಿತ್ತು. ಯಜಮಾನರ ತಂದೆಯವರು ದಂಡಿನಲ್ಲಿ ಸಣ್ಣ ಕೆಲಸದಲ್ಲಿದ್ದವರು. ಆಗ ಪೇಟೆಯೇ ಬೇರೆ, ದಂಡೇ ಬೇರೆ; ಬಿಳಿಯರ ಪಟಾಲಮುಗಳ ದೆಸೆಯಿಂದ ಕಾಲ್ಚೆಂಡು ಬೇರೂರಿದ್ದು ದಂಡಿನ ಬಯಲುಗಳಲ್ಲಿ. ಬೆಂಗಳೂರು ಮುಸ್ಲಿಮ್ಸ್ ತಂಡದವರು ೧೯೩೭ರಲ್ಲಿ ಮುಂಬಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷವೂ ಗೆದ್ದುಬಂದರು. ಅದುವರೆಗೆ ಅದು ಬಿಳಿಯ ಸಿಪಾಯಿಗಳ ಸೊತ್ತಾಗಿದ್ದ ಪಾರಿತೋಷಕ. ಅಂತಹ ಊರಿನಲ್ಲಿ ೧೯೨೬ರಲ್ಲಿ ಹುಟ್ಟಿ ಬೆಳೆದ ಹುಡುಗ ಅಹಮದ್ ಖಾನ್. ಬೆಂಗಳೂರಿನವರೇ ಆದ ರಾಮನ್ ಎಂಬುವರ ಜೊತೆಯಲ್ಲಿ ೧೯೪೮ರ ಲಂಡನ್ ಒಲಿಂಪಿಕ್ಸಿಗೆ ಹೋದನು. ಅಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ಮೊದಲನೆಯ ಒಲಿಂಪಿಕ್ ಗೋಲನ್ನು ಹೊಡೆದವರು ರಾಮನ್. ತಂಡದ ಬಹುಮಂದಿ ಆಡಿದ್ದು ಬರಿಗಾಲಿನಲ್ಲಿ. ಮಾರನೆಯ ವರ್ಷ ಅಹಮದ್ ಖಾನ್ ಕಲ್ಕತ್ತೆಗೆ ಹೊರಟುಹೋದನು.

ಇನ್ನರ್ಧ ವಂಗದ ಹುಡುಗನದು. ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಚೂಣಿಯ ಐವರನ್ನು ಅಲ್ಲಿಯ ಜನ ಪಂಚಪಾಂಡವರೆಂದು ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಐವರೂ ದಕ್ಷಿಣದೇಶದವರು. ೧೯೪೯ರಿಂದ ೧೯೫೧ರ ವರೆಗೆ ಮೂರು ವರ್ಷ ಒಂದೇ ಸಮನೆ ಐ. ಎಫ್. ಏ. ಷೀಲ್ಡು ಆ ಕ್ಲಬ್ಬಿಗೇ ಬಂದಿತು. ದೇಶವಿಭಾಗದಲ್ಲಿ ಮನೆಮಠ ಬಿಟ್ಟು ಬಂದಿದ್ದ ಪೂರ್ವವಂಗದ ಜನಕ್ಕೆ ತಲೆಯೆತ್ತಿ ನಡೆಯಲು ಆಗ ಇದ್ದ ಕಾರಣಗಳು ಕೆಲವೇ. ಆ ಕೆಲವರಲ್ಲಿ ಈ ಐವರು ಸೇರಿದ್ದರು. ಹಾವಾಡಿಗನ ಮುಂದೆ ಹಾವು ಹೇಗೋ ಅಹಮದ್ ಖಾನನ ಮುಂದೆ ಚೆಂಡು ಹಾಗೆಂದು ಅವನಿಗೆ ಹಾವಾಡಿಗನೆಂದೇ ಬಿರುದು. ೧೯೫೧ರ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಸುವರ್ಣಪದಕ ಗೆದ್ದ ತಂಡದಲ್ಲಿ ಅವನಿದ್ದನು. ೧೯೫೨ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದವರು ಭಾರತಕ್ಕೆ ಹತ್ತು ಗೋಲು ಹೊಡೆದರು. ಭಾರತದ ಒಂದೇ ಒಂದು ಗೋಲು ಅಹಮದ್ ಖಾನನದು.

ಮಲೆಯಾಳದ ಹುಡುಗನು ಕೈಯಲ್ಲಿದ್ದ ಯಂತ್ರದಲ್ಲಿ ಹುಡುಕಿದನು. ಕೆಲವು ಭಾವಚಿತ್ರಗಳು ದೊರೆತವು. ಮರಣದ ಸುದ್ದಿಯೂ ದೊರೆಯಿತು. “೨೦೧೭, ಆಗಸ್ಟ್ ೨೭. ಬೆಂಗಳೂರು” ಎಂದು ಓದಿ, “ಅಂದರೆ ಇಲ್ಲಿಯೇ ಇದ್ದರೇ? ನಾವು ಕಂಠೀರವಕ್ಕೆ ಹೋಗುತ್ತಿದ್ದಾಗ?” ಎಂದನು.

“ಇಲ್ಲಿಯೇ ಇದ್ದರು” ಎಂದರು ಯಜಮಾನರು. ಅದುವರೆಗೆ ಏಕವಚನದಲ್ಲಿ ಬರುತ್ತಿದ್ದ ಮಾತು ಬಹುವಚನಕ್ಕೆ ತಿರುಗಿದುದನ್ನು ಹುಡುಗರು ಗಮನಿಸಿದರೋ ಇಲ್ಲವೋ. ಆ ದಿನದ ಪತ್ರಿಕೆಯನ್ನು ಅವರು ಓದಿದ್ದರು. ಓದಿ, ಮಡಿಸಿ, ಹಳೆಯ ಪತ್ರಿಕೆಗಳ ಕಂತೆಯ ಮೇಲಿಟ್ಟಿದ್ದರು. ತಂದೆಯವರು ಬದುಕಿದ್ದಾಗ ಎಷ್ಟೋ ಸಲ, ಒಂದು ದಿನ ಹೋಗಿ ಅವನನ್ನು ನೋಡಿಬರೋಣ, ನಿನಗೂ ತೋರಿಸುತ್ತೇನೆ ಎಂದಿದ್ದುಂಟು. ಕಚೇರಿ, ಮಕ್ಕಳ ಪರೀಕ್ಷೆ, ಮನೆಯ ಕಟ್ಟಡ. ಒಂದಲ್ಲ ಒಂದು ಅಡ್ಡಿ. ಬಸ್ಸಿನಲ್ಲಿ ಹೋಗಿಬರುವಷ್ಟೇ ದೂರ. ತಂದೆಯವರು ತೀರಿಕೊಂಡ ಮೇಲೂ ಬಹಳ ವರ್ಷ ಆ ಮನುಷ್ಯರು ಇದೇ ಊರಿನಲ್ಲಿ ಬದುಕಿದ್ದರು. ತೊಂಬತ್ತು ವರ್ಷ ಬಾಳಿದವರು ಇದಕ್ಕಿಂತ ಹೆಚ್ಚಿಗೆ ಹೇಗೆ ಕಾದಾರು? ಇದನ್ನೆಲ್ಲ ಯಜಮಾನರು ಹುಡುಗರಿಗೆ ಹೇಳಿದರು, ಆದರೆ ಕೊನೆಯ ಮಾತನ್ನು ಬಿಟ್ಟು.

ಗೋಕುಲಕ್ಕೆ ಬಾಲ್ಯ ದೊರೆತಿತ್ತು; ಗೋಕುಲವು ಅದನ್ನು ಕಾಪಾಡಿಟ್ಟುಕೊಳ್ಳಲಿಲ್ಲ. ಮಥುರೆಯಲ್ಲಾದರೋ ತಾತನು ಮೊಮ್ಮಗನಿಗೆ ಹೇಳಿಕೊಟ್ಟನು.

ಅಷ್ಟರಲ್ಲಿ ಯಜಮಾನರ ಪತ್ನಿ ಒಂದು ತಟ್ಟೆಯಲ್ಲಿ ಕಡಲೆ ಉಸಲಿಯನ್ನು ತೆಗೆದುಕೊಂಡು ಮೇಲೆ ಬಂದರು. ಗದರಿಸಲು ಹೋದವರು ಇಳಿದು ಬರಲಿಲ್ಲವೆಂಬುದು ಹೊರನೋಟಕ್ಕೆ ಕಾರಣ. ಹಾಸನದ ಹುಡುಗನು ಅವರಿಗೂ ಕಥೆಯನ್ನು ವಿವರಿಸಿದನು. ಸುವರ್ಣಪದಕ, ಷೀಲ್ಡು, ಕಪ್ಪು ಯಾವುದೂ ಅವರ ಮನಸ್ಸಿಗೆ ಹತ್ತಲಿಲ್ಲ. “ತಾಯಿಯೂ ಚೆಂಡಾಡುತ್ತಿದ್ದಳೇ? ದೇಶಕ್ಕೇ?” ಎಂದು ಕೇಳಿ, ಆ ಹೊದಿಕೆಯ ಕಡೆಗೆ ಬಹಳ ಹೊತ್ತು ನೋಡುತ್ತಾ ನಿಂತರು. “ನಮ್ಮ ಕಾಲದಲ್ಲಿ ಕುಂಟಾಬಿಲ್ಲೆ ಆಡಿದರೂ ಒಳಕ್ಕೆ ಕರೆಯುತ್ತಿದ್ದರು.”

ವಂಗದ ಹುಡುಗನು ತನ್ನ ತಾತನಿಗೆ ದೂರವಾಣಿ ಮಾಡಿದ್ದನು. ಆ ವೃದ್ಧರಿಗೆ ಆಗ ಎಂಬತ್ತೆಂಟು. ಕಿವಿ ಮಂದ, ಧ್ವನಿ ಗಟ್ಟಿ. ಅಹಮದ್ ಖಾನ್ ಬೆಂಗಳೂರಿನವರೆಂದೂ, ಇಲ್ಲೊಬ್ಬರ ತಂದೆ ಅವರನ್ನು ಹುಡುಗನಾಗಿದ್ದಾಗ ನೋಡಿದ್ದರೆಂದೂ ತಿಳಿದ ಮೇಲೆ, ಯಂತ್ರವನ್ನು ಯಜಮಾನರ ಕೈಗೆ ಕೊಡುವಂತೆ ಅವರು ಹಟಹಿಡಿದರು. ಇಬ್ಬರಿಗೂ ಬರುತ್ತಿದ್ದುದು ಕಚೇರಿಯ ಇಂಗ್ಲಿಷು. ಕುಶಲಪ್ರಶ್ನೆಗಳಾದವು. ಆಮೇಲೆ ಆ ಕಡೆಯಿಂದ ಒಂದೇ ಪ್ರಶ್ನೆ: ಚಿಕ್ಕಂದಿನಲ್ಲಿ ಹೇಗಿದ್ದರು?

ಯಜಮಾನರಲ್ಲಿ ಇದ್ದದ್ದು ತಂದೆಯವರ ಒಂದೆರಡು ಮಾತು ಮಾತ್ರ. ತೆಳ್ಳನೆಯ ಹುಡುಗ, ಬರಿಗಾಲು, ಕೆಮ್ಮಣ್ಣಿನ ಬಯಲು, ದಾರ ಕಟ್ಟಿದಂತೆ ಕಾಲನ್ನು ಬಿಟ್ಟು ಹೋಗದ ಚೆಂಡು. ಇಷ್ಟನ್ನೇ ಹೇಳಬೇಕಾಗಿತ್ತು. ಗೋಡೆಯ ಮೇಲಿನ ಚಿತ್ರವನ್ನು ಯಾರೋ ನಿಲ್ಲಿಸಿದರು. ಯಜಮಾನರು ಕುರ್ಚಿಯ ಅಂಚಿಗೆ ಸರಿದು, ತಂದೆಯವರು ತೋರಿಸುತ್ತಿದ್ದಂತೆಯೇ ನೋಯುವ ಬಲಗಾಲನ್ನು ಮುಂದಕ್ಕೆ ಚಾಚಿ, ಕಾಣಲಾರದ ಆ ವೃದ್ಧರಿಗಾಗಿ ಪಾದವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಹೇಳತೊಡಗಿದರು.