ಒಬ್ಬ ದನದ ಡಾಕ್ಟರು

ದನದ ಡಾಕ್ಟರೆಂದರೆ ನಮ್ಮ ಪಟ್ಟಣದ ಜನಕ್ಕೆ ಒಳಗೊಳಗೇ ಒಂದಿಷ್ಟು ತಾತ್ಸಾರ. ಮನುಷ್ಯರ ಡಾಕ್ಟರಾಗಲು ಸೀಟು ಸಿಗದವನು ಆ ಕಡೆ ಹೋದನೆಂದೇ ಮದುವೆಮನೆಯ ಮಾತುಕತೆಗಳಲ್ಲಿ ಲೆಕ್ಕ. ಹಳ್ಳಿಯಲ್ಲಿ ಹಾಗಿಲ್ಲ. ಹೊಟ್ಟೆಯೊಳಗೆ ಕರು ಅಡ್ಡವಾಗಿ ಹಸು ಒದ್ದಾಡುವ ರಾತ್ರಿ, ಲಾಟೀನು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ಕಾದವರಿಗೆ ಆ ಮನುಷ್ಯನ ಬೆಲೆ ಗೊತ್ತು. ನಾನು ಹೇಳಹೊರಟಿರುವುದು ಅಂಥ ಒಬ್ಬ ದನದ ಡಾಕ್ಟರ ವಿಷಯ. ಆತ ನಮ್ಮ ನಾಡಿನವನಲ್ಲ, ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಬಾಳಿದವನು.

ಜಗತ್ತು ಆತನನ್ನು ಜೇಮ್ಸ್ ಹೆರಿಯಟ್ ಎಂದು ಬಲ್ಲದು. ಅದು ಕಡ ತಂದ ಹೆಸರು. ನಿಜವಾದ ಹೆಸರು ಜೇಮ್ಸ್ ಆಲ್ಫ್ರೆಡ್ ವೈಟ್. ಮನೆಯವರಿಗೂ ಸ್ನೇಹಿತರಿಗೂ ಬರಿಯ ಆಲ್ಫ್. ಪಶುವೈದ್ಯನು ಸ್ವಂತ ಹೆಸರಿನಲ್ಲಿ ಇಂಥ ಪುಸ್ತಕ ಬರೆದರೆ ಅದು ಜಾಹೀರಾತಿಗೆ ಸಮವೆಂದು ಆಗ ಆ ವೃತ್ತಿಯವರ ಕಟ್ಟಳೆ. ಟೆಲಿವಿಷನ್ನಿನಲ್ಲಿ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದಾಗ ಬರ್ಮಿಂಗ್‌ಹ್ಯಾಮ್ ಸಿಟಿ ತಂಡದ ಗೋಲ್‌ಕೀಪರ್ ಜಿಮ್ ಹೆರಿಯಟ್ ಸೊಗಸಾಗಿ ಆಡಿದನಂತೆ. ಆ ಹೆಸರನ್ನೇ ಎತ್ತಿಕೊಂಡ. ಕಾವ್ಯನಾಮಕ್ಕಾಗಿ ನದಿ, ಬೆಟ್ಟ, ಕುಲದೇವತೆಗಳನ್ನೆಲ್ಲ ತಡಕಾಡುವ ನಮ್ಮ ಕವಿಗಳು ಇದನ್ನು ಗಮನಿಸಬಹುದು.

ಹುಟ್ಟಿದ್ದು 1916ರಲ್ಲಿ, ಸಂಡರ್ಲೆಂಡಿನಲ್ಲಿ. ಬೆಳೆದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಅಲ್ಲಿಯ ಪಶುವೈದ್ಯ ಕಾಲೇಜಿನಲ್ಲಿ 1939ರ ಕೊನೆಗೆ ತೇರ್ಗಡೆಯಾಗಿ, 1940ರ ಬೇಸಗೆಯಲ್ಲಿ ಥರ್ಸ್ಕ್ ಎಂಬ ಸಂತೆಯೂರಿಗೆ ಡೊನಾಲ್ಡ್ ಸಿಂಕ್ಲೇರ್ ಎಂಬ ಪಶುವೈದ್ಯನ ಸಹಾಯಕನಾಗಿ ಬಂದ. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ಕಳೆದ ಒಂದು ವರ್ಷವನ್ನು ಬಿಟ್ಟರೆ, ಉಳಿದ ಆಯುಸ್ಸೆಲ್ಲ ಆ ಊರಿಗೂ ಸುತ್ತಲ ಹಳ್ಳಿಗಳಿಗೂ ಸಂದಿತು. ಆತ ಬಂದಾಗ ಹೊಲಗಳಲ್ಲಿ ಇನ್ನೂ ಭಾರಿ ಕುದುರೆಗಳು ಉಳುತ್ತಿದ್ದವು. ಔಷಧದ ಬೀರುವಿನ ತುಂಬ ಬಣ್ಣಬಣ್ಣದ ಕಷಾಯಗಳು, ಮುಲಾಮುಗಳು. ಅವುಗಳಲ್ಲಿ ಹಲವಕ್ಕೆ ಗುಣವಾಗುತ್ತಿದ್ದುದು ದನದ ಯಜಮಾನನ ಆತಂಕವೊಂದೇ. ಕಣ್ಣೆದುರಿಗೇ ಸಲ್ಫಾ ಮದ್ದುಗಳು ಬಂದವು, ಯುದ್ಧವಾದ ಮೇಲೆ ಪೆನಿಸಿಲಿನ್ ಬಂತು, ಟ್ರ್ಯಾಕ್ಟರು ಬಂದು ಕುದುರೆ ಹೋಯಿತು. ಕೆಚ್ಚಲು ಬಾವಿಗೆ ಕಾವು ಕೊಟ್ಟು ದೇವರ ಮೇಲೆ ಭಾರ ಹಾಕುತ್ತಿದ್ದ ಕಾಲದಿಂದ ಒಂದು ಟ್ಯೂಬು ಔಷಧ ಏರಿಸಿ ಮನೆಗೆ ಹೋಗುವ ಕಾಲದವರೆಗೆ ಒಬ್ಬನೇ ಮನುಷ್ಯ ನಡೆದುಬಂದ.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ನನಗೆ ಸಿಕ್ಕಿದ್ದು ಆತನ ಮೊದಲ ಪುಸ್ತಕ, 1970ರಲ್ಲಿ ಪ್ರಕಟವಾದ ‘ಇಫ್ ಓನ್ಲಿ ದೇ ಕುಡ್ ಟಾಕ್’. ‘ಅವಕ್ಕೆ ಮಾತು ಬಂದಿದ್ದರೆ’ ಎಂದು ಕನ್ನಡಿಸಬಹುದು. ರಾತ್ರಿ ಊಟವಾದ ಮೇಲೆ ತೆರೆದವನು ಮೊದಲ ಅಧ್ಯಾಯಕ್ಕೇ ಗಟ್ಟಿಯಾಗಿ ನಕ್ಕುಬಿಟ್ಟೆ. “ಏನ್ರೀ ಅದು, ಒಬ್ಬರೇ ನಗ್ತಾ ಇದೀರಲ್ಲ?” ಎಂದು ಒಳಗಿನಿಂದ ಹೆಂಡತಿ ಕೇಳಿದಳು. ಏನೆಂದು ಹೇಳುವುದು? ಹೊರಗೆ ಹಿಮ ಬೀಳುತ್ತಿರುವ ಅಪರಾತ್ರಿ; ಕಲ್ಲುಹಾಸಿನ ಕೊಟ್ಟಿಗೆ; ಅಂಗಿ ಕಳಚಿ ನೆಲದ ಮೇಲೆ ಮಲಗಿ, ಹೆಗಲವರೆಗೆ ಕೈಯನ್ನು ಹಸುವಿನೊಳಗೆ ತೂರಿಸಿ, ಕರುವಿನ ತಲೆಯನ್ನು ತಿರುಗಿಸಲು ಹೆಣಗುತ್ತಿರುವ ಎಳೆಯ ಡಾಕ್ಟರು; ಪಕ್ಕದಲ್ಲಿ ಆರಾಮವಾಗಿ ನಿಂತು ಇನ್ನೊಬ್ಬ ಡಾಕ್ಟರ ಮಹಿಮೆಯನ್ನು ಬಣ್ಣಿಸುತ್ತಿರುವ ಒಬ್ಬ ಹಿರಿಯ. ಈ ಹಿರಿಯನನ್ನು ನಾನು ನಮ್ಮ ಕಡೆಯ ಎಷ್ಟೋ ಊರುಗಳ ಜಗಲಿಗಳ ಮೇಲೆ ಕಂಡಿದ್ದೇನೆ.

ಇನ್ನು ಟ್ರಿಕಿ ವೂ ಎಂಬ ಪೀಕಿಂಗೀಸ್ ನಾಯಿಯ ಕಥೆ. ಸಿರಿವಂತ ವಿಧವೆಯೊಬ್ಬಳ ಮುದ್ದಿನ ನಾಯಿ ಅದು. ಡಾಕ್ಟರು ಅದಕ್ಕೆ ‘ಅಂಕಲ್’. ನಾಯಿಯ ಹೆಸರಿನಿಂದಲೇ ಡಾಕ್ಟರಿಗೆ ತಿಂಡಿತೀರ್ಥಗಳ ಬುಟ್ಟಿ ಬರುತ್ತದೆ. ಈತ ಯಜಮಾನಿಗೆ ಕೃತಜ್ಞತೆಯ ಕಾಗದ ಬರೆದದ್ದು ದೊಡ್ಡ ಅಪಚಾರವಾಯಿತು. ಕಳುಹಿಸಿದ್ದು ನಾಯಿಯಾದ ಮೇಲೆ ವಂದನೆ ಸಲ್ಲಬೇಕಾದ್ದೂ ನಾಯಿಗೇ ತಾನೆ? ತಿಂದು ತಿಂದು ಉಬ್ಬಿಹೋದ ಆ ನಾಯಿಯನ್ನು ಈತ ತನ್ನಲ್ಲಿಗೆ ಒಯ್ದು, ಯಾವ ಔಷಧವೂ ಇಲ್ಲದೆ, ಬೇರೆ ನಾಯಿಗಳ ಜೊತೆ ಓಡಾಡಲು ಬಿಟ್ಟು ಗುಣಪಡಿಸುತ್ತಾನೆ. ರೋಗಿಯ ಶಕ್ತಿವರ್ಧನೆಗೆಂದು ಯಜಮಾನಿ ಕಳುಹಿಸಿದ ಮೊಟ್ಟೆ, ವೈನು, ಬ್ರಾಂದಿಗಳೆಲ್ಲ ಡಾಕ್ಟರುಗಳ ಹೊಟ್ಟೆ ಸೇರುತ್ತವೆ.

ಇವೆಲ್ಲ ನಡೆದದ್ದು ನಡೆದ ಹಾಗೆಯೇ ಬರೆದವಲ್ಲ. ಥರ್ಸ್ಕ್ ಅಲ್ಲಿ ಡ್ಯಾರೋಬಿ ಆಗಿದೆ, ಸಿಂಕ್ಲೇರ್ ಸೀಗ್‌ಫ್ರೀಡ್ ಆಗಿದ್ದಾನೆ. ಪುಸ್ತಕದ ಹೆಲೆನ್ ರೈತನ ಮಗಳು. ನಿಜದ ಜೋನ್ ಧಾನ್ಯದ ಗಿರಣಿಯೊಂದರ ಕಚೇರಿಯಲ್ಲಿದ್ದವಳು. ನನಗೆ ಹೆಚ್ಚು ಕುತೂಹಲವೆನಿಸಿದ್ದು ಬೇರೊಂದು ಸಂಗತಿ. ‘ನಾನು’ ಎಂದು ಬರೆದ ಈ ಪುಸ್ತಕಗಳಲ್ಲಿ ‘ನಾನು’ ಎಂಬವನು ಒದೆಸಿಕೊಳ್ಳುವುದಕ್ಕೆ, ಬೀಳುವುದಕ್ಕೆ, ಬೆಪ್ಪಾಗುವುದಕ್ಕೆ ಮಾತ್ರ ಮುಂದೆ ಬರುತ್ತಾನೆ. ಉಳಿದಂತೆ ಬೆಳಕೆಲ್ಲ ಹಸುವಿನ ಮೇಲೆ, ರೈತನ ಮೇಲೆ, ಸೀಗ್‌ಫ್ರೀಡನ ಮುಂಗೋಪದ ಮೇಲೆ. ಇದು ಕಸುಬು ಕಲಿಸಿದ ಗುಣವಿರಬೇಕು. ಮಾತನಾಡದ ರೋಗಿಯ ಮುಂದೆ ಕೂತವನು ಕಿವಿಯ ತಂಪು, ಕಣ್ಣಿನ ಕಳೆ, ಮೆಲುಕು ನಿಂತಿದೆಯೋ ಇಲ್ಲವೋ ಎಂಬುದನ್ನು ನೋಡುತ್ತ ತನ್ನನ್ನು ಮರೆಯಲೇಬೇಕು.

ಮದುವೆಯಾದದ್ದು 1941ರ ನವೆಂಬರಿನಲ್ಲಿ. ತಾಯಿಗೆ ಈ ಸಂಬಂಧ ಒಪ್ಪಿಗೆಯಿರಲಿಲ್ಲ. ವರನ ತಂದೆತಾಯಿ ಮದುವೆಗೆ ಬರಲಿಲ್ಲ. ಆದರೂ ಮಗ ಅವರಿಗೆ ಕಾಗದ ಬರೆಯುವುದನ್ನು ಬಿಡಲಿಲ್ಲ. ಮಧುಚಂದ್ರವೋ, ಕಾರ್ಪರ್ಬಿ ಎಂಬ ಹಳ್ಳಿಯ ವಸತಿಗೃಹದಲ್ಲಿಳಿದು ಹಗಲೆಲ್ಲ ಸುತ್ತಲ ಕೊಟ್ಟಿಗೆಗಳಲ್ಲಿ ದನಗಳಿಗೆ ಕ್ಷಯದ ಪರೀಕ್ಷೆ ಮಾಡುವುದು! ಪುಸ್ತಕದಲ್ಲಿ ಹೊಸ ಹೆಂಡತಿ ಪಕ್ಕದಲ್ಲಿ ನಿಂತು ಅಂಕಿಗಳನ್ನು ಬರೆದುಕೊಳ್ಳುತ್ತಾಳೆ. 1943ರಲ್ಲಿ ಮಗ ಜಿಮ್ ಹುಟ್ಟಿದ, 1947ರಲ್ಲಿ ಮಗಳು ರೋಸಿ. ಶಾಲೆಗೆ ಸೇರುವ ಮುಂಚಿನಿಂದಲೇ ಮಕ್ಕಳು ಅಪ್ಪನ ಕಾರಿನಲ್ಲಿ ರೋಗಿಗಳ ಮನೆ ಸುತ್ತಿದರು. ಆ ಸೀಮೆಯ ಹೊಲದ ದಾರಿಗಳಲ್ಲಿ ಮಾರಿಗೊಂದು ಗೇಟು. ಇಳಿದು ತೆರೆದು, ಕಾರು ಹಾದ ಮೇಲೆ ಮುಚ್ಚುವ ಕೆಲಸ ಪುಟ್ಟ ರೋಸಿಯದು. ಮಗ ಅಪ್ಪನಂತೆ ಪಶುವೈದ್ಯನಾದ. ಮಗಳಿಗೂ ಅದೇ ಆಸೆಯಿತ್ತು. ಒದೆ, ಕೊಳಕು, ಅಪರಾತ್ರಿಯ ಚಳಿ ಇವೆಲ್ಲ ಹೆಣ್ಣುಮಗುವಿಗೆ ಬೇಡವೆಂದು ಅಪ್ಪನೇ ಆಕೆಯ ಮನಸ್ಸನ್ನು ತಿರುಗಿಸಿದ; ಆಕೆ ಮನುಷ್ಯರ ಡಾಕ್ಟರಾದಳು. ಅಪ್ಪಂದಿರ ಪ್ರೀತಿ ಹೀಗೂ ಅಡ್ಡ ನಿಲ್ಲುತ್ತದೆ. ಈಗ ಆ ದೇಶದ ಪಶುವೈದ್ಯರಲ್ಲಿ ಹೆಂಗಸರೇ ಹೆಚ್ಚು.

ಬರೆಯುತ್ತೇನೆ ಬರೆಯುತ್ತೇನೆ ಎಂದು ಎಷ್ಟೋ ವರ್ಷ ಹೇಳುತ್ತಿದ್ದವನಿಗೆ, ಐವತ್ತು ತುಂಬಿದ ದನದ ಡಾಕ್ಟರುಗಳು ಎಲ್ಲಾದರೂ ಬರೆಯಲು ಕೂರುತ್ತಾರೆಯೇ ಎಂದು ಹೆಂಡತಿ ಕೇಳಿದಳಂತೆ. ಕೂತೇಬಿಟ್ಟ. ಬೇರೆ ಕೋಣೆ, ಏಕಾಂತ ಒಂದೂ ಬೇಕಾಗಲಿಲ್ಲ. ಮನೆಮಂದಿಯ ನಡುವೆ, ಟೆಲಿವಿಷನ್ನಿನ ಗದ್ದಲದಲ್ಲಿ, ಹಗಲಿನ ಕೆಲಸ ಮುಗಿಸಿ ಟೈಪು ಮಾಡಿದ. ಫುಟ್‌ಬಾಲಿನ ಮೇಲೆ ಬರೆದ ಕಥೆಗಳು ತಿರುಗಿ ಬಂದವು. ಹಸುಗಳ ಮೇಲೆ ಬರೆದದ್ದು ನಿಂತಿತು. 1972ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮೇಲೆ ಪುಸ್ತಕಗಳು ಕೋಟಿಗಟ್ಟಲೆ ಮಾರಿದವು, 1978ರಿಂದ ಬಿ.ಬಿ.ಸಿ.ಯಲ್ಲಿ ಧಾರಾವಾಹಿಯೂ ಬಂತು. ಅಭಿಮಾನಿಗಳು ಚಿಕಿತ್ಸಾಲಯದ ಮುಂದೆ ಸಾಲುಗಟ್ಟಿದರು. 1970ರ ದಶಕದಲ್ಲಿ ದೊಡ್ಡ ಗಳಿಕೆಯ ಮೇಲೆ ಅಲ್ಲಿಯ ತೆರಿಗೆ ನೂರಕ್ಕೆ 83ರವರೆಗೆ ಏರಿದ್ದಿತು. ಎಷ್ಟೋ ಮಂದಿ ದೇಶ ಬಿಟ್ಟರು, ಈತ ಊರನ್ನೂ ಬಿಡಲಿಲ್ಲ. ದನಕ್ಕೆ ಕಾಯಿಲೆಯಾದ ರೈತನಿಗೆ ಬಂದ ಡಾಕ್ಟರು ಬರ್ನಾರ್ಡ್ ಷಾ ಆದರೂ ಒಂದೇ ಎನ್ನುತ್ತಿದ್ದ.

ಮಗ ಜಿಮ್ 1999ರಲ್ಲಿ ತಂದೆಯ ಚರಿತ್ರೆಯನ್ನು ಬರೆದು ಪ್ರಕಟಿಸಿದ. 1960ರ ಸುಮಾರಿಗೆ ಆಲ್ಫ್ ವೈಟ್ ಕಡು ಖಿನ್ನತೆಗೆ ಬಿದ್ದು, ವಿದ್ಯುತ್ತಿನ ಚಿಕಿತ್ಸೆಗೂ ಒಳಗಾದದ್ದು ಆ ಪುಸ್ತಕದಲ್ಲಿದೆ. ಹೆರಿಯಟ್ಟನ ಪುಸ್ತಕಗಳಲ್ಲಿ ಆ ಖಿನ್ನತೆಯ ಕಥೆಯಿಲ್ಲ. ಆತ್ಮಕಥೆಯೆಂದರೆ ಎಲ್ಲವನ್ನೂ ಬಿಚ್ಚಿಡಬೇಕೆನ್ನುವ ನನ್ನ ಮಿತ್ರರೊಬ್ಬರು ಇದು ಓದುಗನಿಗೆ ಮಾಡಿದ ವಂಚನೆ ಎಂದರು. ನನಗೆ ಹಾಗೆ ತೋರುವುದಿಲ್ಲ. ಆ ಕತ್ತಲನ್ನು ದಾಟಿ ಐದಾರು ವರ್ಷಕ್ಕೆ ಟೈಪು ಯಂತ್ರದ ಮುಂದೆ ಕೂತವನು ತನ್ನ ಗಾಯವನ್ನೇ ತೋರಿಸಬಹುದಾಗಿತ್ತು. ತೋರಿಸಿದ್ದು ಹಿಮದ ರಾತ್ರಿಯಲ್ಲಿ ಒದ್ದೆ ಕರುವನ್ನು ನೆಕ್ಕುವ ತಾಯಿಹಸುವನ್ನು. ಇದನ್ನು ತಿಳಿದ ಮೇಲೆ ಮತ್ತೆ ಓದಿದೆ. ನಗು ಕಡಮೆಯಾಗಲಿಲ್ಲ, ನಗುವ ಮನುಷ್ಯನ ಮುಖ ಮಾತ್ರ ಸ್ವಲ್ಪ ಬೇರೆಯಾಗಿ ಕಂಡಿತು.

1995ರ ಫೆಬ್ರವರಿ 23ರಂದು, 78ನೆಯ ವಯಸ್ಸಿನಲ್ಲಿ, ಥರ್ಲ್‌ಬಿ ಎಂಬ ಹಳ್ಳಿಯ ತನ್ನ ಮನೆಯಲ್ಲಿ ಆತ ತೀರಿಕೊಂಡ. ಚಿಕಿತ್ಸಾಲಯವಿದ್ದ ಕರ್ಕ್‌ಗೇಟ್ ಬೀದಿಯ 23ನೆಯ ನಂಬರಿನ ಮನೆ 1999ರಿಂದ ವಸ್ತುಸಂಗ್ರಹಾಲಯವಾಗಿದೆ. ಚಿತಾಭಸ್ಮವನ್ನು ಮನೆಯವರು ಸಟನ್ ಬ್ಯಾಂಕ್ ಬಳಿಯ ವೈಟ್‌ಸ್ಟೋನ್ ಬಂಡೆಯ ಮೇಲಿಂದ ಗಾಳಿಗೆ ಬಿಟ್ಟರು. ಇಂಗ್ಲೆಂಡಿನಲ್ಲೆಲ್ಲ ಇದಕ್ಕಿಂತ ಚೆಲುವಾದ ನೋಟವಿಲ್ಲವೆಂದು ಆತ ಹೇಳುತ್ತಿದ್ದ ಜಾಗ ಅದು. ಕೆಳಗಿನ ಬಯಲಿನಲ್ಲಿ ಥರ್ಸ್ಕ್ ಊರು, ಅದರ ಸುತ್ತ ಹೊಲಗಳು, ಆತ ಐವತ್ತು ವರ್ಷ ಹತ್ತಿಳಿದ ಕೊಟ್ಟಿಗೆಗಳು.